ನೋವು, ನಾದ ಮತ್ತು ನುಡಿಯ ಸತ್ಯ

ದೇಹವನ್ನು ಧರಿಸಿದ ಜೀವಿಗೆ ವೇದನೆ ತಪ್ಪಿದ್ದಲ್ಲ. ಜೈನ ಕರ್ಮಸಿದ್ಧಾಂತವು ಇದಕ್ಕಾಗಿ ವೇದನೀಯವೆಂಬ ಕರ್ಮವನ್ನೇ ಬೇರೆಯಾಗಿ ಎಣಿಸಿ, ಸಾತಾ ಮತ್ತು ಅಸಾತಾ ಎಂದು ಅದನ್ನು ಎರಡಾಗಿ ವಿಂಗಡಿಸಿದೆ. ಆದರೆ ನೋವು ಬಂದೇ ಬರುತ್ತದೆ ಎಂದು ಅರಿತವನು ನೋವಿನಲ್ಲಿರುವ ಮತ್ತೊಬ್ಬನ ಎದುರು ಹೇಗೆ ನಡೆದುಕೊಳ್ಳಬೇಕು ಎಂಬುದು ಬೇರೆಯೇ ಪ್ರಶ್ನೆ. ಔಷಧವು ಪೂರ್ಣವಾಗಿ ಫಲಿಸುವಲ್ಲಿ ಈ ಪ್ರಶ್ನೆ ಸುಲಭವಾದುದು. ಔಷಧವನ್ನು ಕೊಟ್ಟರೆ ಕರ್ತವ್ಯ ಮುಗಿಯಿತು. ಔಷಧವು ಅರ್ಧಕ್ಕೆ ನಿಲ್ಲುವಲ್ಲಿ, ಕೊಡುವವನ ಮಾತೇ ಔಷಧದ ಒಂದು ಭಾಗವಾಗುವಲ್ಲಿ, ಆ ಮಾತು ಎಷ್ಟರಮಟ್ಟಿಗೆ ಸತ್ಯವಾಗಿರಬೇಕು? ದೀರ್ಘಕಾಲದ ನೋವಿಗೆ ಧ್ವನಿಯನ್ನು, ಸಂಗೀತವನ್ನು, ಮಂತ್ರೋಚ್ಚಾರವನ್ನು ಚಿಕಿತ್ಸೆಯಾಗಿ ಬಳಸುವ ಪದ್ಧತಿಯು ಈ ಪ್ರಶ್ನೆಯನ್ನು ತೀರ ಹತ್ತಿರಕ್ಕೆ ತಂದು ನಿಲ್ಲಿಸಿದೆ.

ನೋವೆಂಬುದು ಗ್ರಂಥದ ಮಾತಲ್ಲ, ದುಡಿಮೆಯ ನೆರಳು. ಸುಳ್ಯದಿಂದ ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಸಾಗುವ ದಾರಿಯಲ್ಲಿ, ಪಶ್ಚಿಮ ಘಟ್ಟದ ತಪ್ಪಲಿನಲ್ಲಿರುವ ಗುತ್ತಿಗಾರಿನಂತಹ ಊರನ್ನು ನೋಡಿದರೆ ಇದು ತಿಳಿಯುತ್ತದೆ. ಅರೆಭಾಷೆ, ತುಳು, ಕನ್ನಡ, ಮಲೆಯಾಳಗಳು ಒಂದೇ ಅಂಗಡಿಯ ಜಗಲಿಯಲ್ಲಿ ಕೇಳಿಬರುವ ಈ ಸೀಮೆಯ ಬದುಕು ಅಡಿಕೆ ಮತ್ತು ರಬ್ಬರಿನ ಮೇಲೆ ನಿಂತಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಬಿಡಲು ಜಾರುವ ಅಡಿಕೆಮರವನ್ನು ಏರುವವನ ಮೊಣಕಾಲು, ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೊರಡುವವನ ಸೊಂಟ, ದಿನವಿಡೀ ಕುಳಿತು ಅಡಿಕೆ ಸುಲಿಯುವ ಅಥವಾ ಬೀಡಿ ಕಟ್ಟುವ ಹೆಂಗಸಿನ ಕುತ್ತಿಗೆ, ಇವು ವಯಸ್ಸಿಗೆ ಮೊದಲೇ ಮುಪ್ಪಾಗುತ್ತವೆ. ಇದರ ಮೇಲೆ 2008ರಲ್ಲಿ ಸುಳ್ಯ, ಪುತ್ತೂರು ಭಾಗಗಳಿಗೆ ಚಿಕುನ್‌ಗುನ್ಯ ಬಂದಿತು. ರಬ್ಬರ್ ಹಾಲಿಗಾಗಿ ಕಟ್ಟಿದ ಗೆರಟೆಗಳಲ್ಲಿ, ತೋಟದಲ್ಲಿ ಬಿದ್ದ ಹಾಳೆಗಳಲ್ಲಿ ನಿಂತ ಮಳೆನೀರು ಈಡಿಸ್ ಸೊಳ್ಳೆಗೆ ತೊಟ್ಟಿಲಾಗುವ ನಾಡಿದು. ಜ್ವರವೇನೋ ಕೆಲವು ದಿನಗಳಲ್ಲಿ ಇಳಿಯುವಂಥದು. ಆದರೆ ಅದರ ಬೆನ್ನಿಗೆ ಬರುವ ಗಂಟುನೋವು ಹಲವರಲ್ಲಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಆಫ್ರಿಕದ ಮಕೊಂಡೆ ಭಾಷೆಯಿಂದ ಬಂದ ಆ ರೋಗದ ಹೆಸರಿಗೆ ‘ಬಾಗಿಸುವುದು’ ಎಂಬ ಅರ್ಥವಿದೆ. ರೋಗವು ಬಾಗಿಸಿದ ಬೆನ್ನು ರೋಗವು ಹೋದ ಮೇಲೂ ನೆಟ್ಟಗಾಗದಿದ್ದುದೇ ಅದರ ಕ್ರೌರ್ಯ.

ಮೂರು ತಿಂಗಳಿಗೂ ಮೀರಿ ಉಳಿಯುವ ಅಥವಾ ಮತ್ತೆ ಮತ್ತೆ ಮರುಕಳಿಸುವ ಇಂತಹ ವೇದನೆಯನ್ನು ವೈದ್ಯರು ದೀರ್ಘಕಾಲಿಕ ನೋವು ಎನ್ನುತ್ತಾರೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯು ಇದಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ಗಾಯದ ನೋವು ಕಾವಲುಗಾರನಂತೆ. ಅಪಾಯವಿದೆ ಎಂದು ಕೂಗಿ ಎಚ್ಚರಿಸುತ್ತದೆ. ದೀರ್ಘಕಾಲಿಕ ನೋವಾದರೋ ಕಳ್ಳನು ಹೋದ ಮೇಲೂ ಕೂಗುತ್ತಲೇ ಇರುವ ಕಾವಲುಗಾರ. ಎಷ್ಟೋ ವೇಳೆ ಎಕ್ಸ್‌ರೇಯಲ್ಲಿ ಏನೂ ಕಾಣುವುದಿಲ್ಲ, ರಕ್ತಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಆಗ ಮನೆಯವರೂ ನೆರೆಯವರೂ ‘ಇದು ನೆವ’ ಎನ್ನತೊಡಗುತ್ತಾರೆ. ನೋವಿನ ಅಧ್ಯಯನಕ್ಕಾಗಿಯೇ ಇರುವ ಅಂತಾರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ಪರಿಷ್ಕರಿಸಿದಾಗ, ನೋವಿದೆ ಎಂದು ಒಬ್ಬನು ಹೇಳಿದರೆ ಆ ಮಾತನ್ನು ಗೌರವಿಸಬೇಕೆಂದು ಅದರ ಜೊತೆಯಲ್ಲೇ ಸೇರಿಸಿತು. ವಿಜ್ಞಾನದ ವ್ಯಾಖ್ಯೆಯೊಂದರ ಪಕ್ಕದಲ್ಲಿ ಹೀಗೊಂದು ನೀತಿವಾಕ್ಯ ಬಂದು ನಿಂತುದು ಆಕಸ್ಮಿಕವಲ್ಲ. ನೋವು ಅನುಭವಿಸುವವನಿಗೆ ಮಾತ್ರ ಪ್ರತ್ಯಕ್ಷ. ಉಳಿದವರಿಗೆಲ್ಲ ಅದು ಅವನ ಮಾತಿನ ಮೂಲಕವೇ ತಿಳಿಯಬೇಕು. ಆದ್ದರಿಂದ ನೋವಿನ ವಿಚಾರವು ಮೊದಲ ಹೆಜ್ಜೆಯಿಂದಲೇ ನಂಬಿಕೆಯ ಮತ್ತು ಸತ್ಯದ ವಿಚಾರವೂ ಆಗಿದೆ.

ಧ್ವನಿಯಿಂದ ನೋವನ್ನು ಹಗುರಗೊಳಿಸುವ ಉಪಾಯವನ್ನು ಈ ನಾಡು ಹೊರಗಿನಿಂದ ಕಲಿಯಬೇಕಾಗಿರಲಿಲ್ಲ. ಕೆಸರುಗದ್ದೆಯಲ್ಲಿ ಸೊಂಟ ಬಗ್ಗಿಸಿ ನೇಜಿ ನೆಡುತ್ತಿದ್ದ ಹೆಂಗಸರು ಪಾಡ್ದನವನ್ನೂ ಓಬೇಲೆಯನ್ನೂ ಹಾಡುತ್ತಿದ್ದುದು ಕೇವಲ ಮನರಂಜನೆಗಾಗಿ ಅಲ್ಲ. ಒಬ್ಬಳು ಎತ್ತಿಕೊಟ್ಟು ಉಳಿದವರು ಸೊಲ್ಲು ಸೇರಿಸುವಾಗ ಬೆನ್ನಿನ ನೋವು ಹತ್ತು ಮಂದಿಗೆ ಹಂಚಿಹೋಗುತ್ತಿತ್ತು. ಮಂಗಳೂರು ಆಕಾಶವಾಣಿಯ ಯಕ್ಷಗಾನ ತಾಳಮದ್ದಳೆಯನ್ನು ಕೇಳುತ್ತ ಅಡಿಕೆ ಸುಲಿದವರಿಗೂ ಈ ಅನುಭವ ಹೊಸತಲ್ಲ. ಯಾರೂ ಇದನ್ನು ಚಿಕಿತ್ಸೆಯೆಂದು ಕರೆಯಲಿಲ್ಲ, ಯಾರೂ ಇದಕ್ಕೆ ಶುಲ್ಕವನ್ನು ಕೇಳಲಿಲ್ಲ. ಅದು ಚಿಕಿತ್ಸೆಯೆಂಬ ಹೆಸರನ್ನು ಪಡೆದು, ಫಲದ ವಾಗ್ದಾನದೊಡನೆ ಬಂದಾಗಲೇ ವಿವೇಚನೆಯ ಅಗತ್ಯ ಹುಟ್ಟುತ್ತದೆ.

ವಾಗ್ದಾನವನ್ನು ತೂಗಿ ನೋಡುವ ಮೊದಲು ಧ್ವನಿಯು ನೋವಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಬೇಕು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿದ್ವಾಂಸರು ನೋವಿಗೆ ಒಂದು ಬಾಗಿಲಿದೆ ಎಂಬ ಸಿದ್ಧಾಂತವನ್ನು ಮಂಡಿಸಿದರು. ದೇಹದಿಂದ ಹೊರಟ ನೋವಿನ ಸುದ್ದಿಯು ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಿ ಮೆದುಳಿಗೆ ಹೋಗಬೇಕು. ಆ ಬಾಗಿಲನ್ನು ಇತರ ಸ್ಪರ್ಶಗಳೂ, ಮೆದುಳಿನಿಂದ ಇಳಿದು ಬರುವ ಆಜ್ಞೆಗಳೂ ತೆರೆಯಬಲ್ಲವು, ಮುಚ್ಚಬಲ್ಲವು. ಬಿದ್ದ ಮಗುವಿನ ಮಂಡಿಯನ್ನು ತಾಯಿ ಉಜ್ಜಿದಾಗ ನೋವು ತಗ್ಗುವುದು ಹೀಗೆ. ಈ ಸಿದ್ಧಾಂತದ ವಿವರಗಳು ಮುಂದೆ ತಿದ್ದುಪಡಿಗೊಂಡರೂ ಅದರ ಮೂಲ ತಿಳಿವಳಿಕೆ ನಿಂತಿದೆ: ಗಮನ, ಭಯ, ನಿರೀಕ್ಷೆ, ನೆಮ್ಮದಿ ಇವೆಲ್ಲ ನೋವಿನ ತೀವ್ರತೆಯನ್ನು ನಿರ್ಣಯಿಸುವುದರಲ್ಲಿ ಪಾಲು ಪಡೆಯುತ್ತವೆ. ಧ್ವನಿಯು ಗಮನವನ್ನು ಸೆಳೆಯುತ್ತದೆ, ಉಸಿರನ್ನು ಲಯಕ್ಕೆ ತರುತ್ತದೆ, ಭಯವನ್ನು ತಗ್ಗಿಸುತ್ತದೆ. ಅಷ್ಟರಮಟ್ಟಿಗೆ ಅದು ನಿಜವಾದ ಕೆಲಸವನ್ನೇ ಮಾಡುತ್ತದೆ.

ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಬಲ್ಲವರಿಗೆ ಇದರಲ್ಲಿ ಅಚ್ಚರಿಯಿಲ್ಲ. ವೈಶೇಷಿಕರು ಶಬ್ದವನ್ನು ಆಕಾಶದ ಗುಣವೆಂದರೆ ಜೈನ ದಾರ್ಶನಿಕರು ಅದನ್ನು ಪುದ್ಗಲದ ಪರ್ಯಾಯವೆಂದರು. ಎಂದರೆ ಬೆಳಕು, ನೆರಳು, ಬಿಸಿಲುಗಳಂತೆ ಭೌತಿಕವಾದುದೆಂದರು. ಈ ನಿಲುವಿನಿಂದ ಒಂದು ನೈತಿಕ ಫಲಿತವೂ ಹೊರಡುತ್ತದೆ. ಶಬ್ದವು ಭೌತಿಕವಾದುದಾದರೆ ಅದು ದೇಹವನ್ನು ತಟ್ಟುವುದು ಪವಾಡವಲ್ಲ; ಪವಾಡವಲ್ಲದ್ದನ್ನು ಪವಾಡವೆಂದು ಮಾರುವ ಹಕ್ಕೂ ಯಾರಿಗೂ ಇಲ್ಲ. ಕಷಾಯಕ್ಕೆ ಹೇಗೆ ಪ್ರಮಾಣವಿದೆಯೋ, ಪಥ್ಯವಿದೆಯೋ, ಪರೀಕ್ಷೆಯಿದೆಯೋ ಹಾಗೆಯೇ ಶಬ್ದಕ್ಕೂ ಇರಬೇಕಾಗುತ್ತದೆ.

ಅಂತಹ ಪರೀಕ್ಷೆಗಳ ಚರಿತ್ರೆ ಬೋಧಪ್ರದವಾಗಿದೆ. 1960ರಲ್ಲಿ ಅಮೆರಿಕದ ದಂತವೈದ್ಯ ವ್ಯಾಲೇಸ್ ಗಾರ್ಡ್ನರ್ ಮತ್ತು ಅವರ ಸಂಗಡಿಗರು ಒಂದು ವರದಿಯನ್ನು ಪ್ರಕಟಿಸಿದರು. ರೋಗಿಯು ಕಿವಿಗೆ ಹೆಡ್‌ಫೋನ್ ಧರಿಸಿ ಸಂಗೀತವನ್ನು ಕೇಳುತ್ತಿರುತ್ತಾನೆ. ನೋವು ಬಂದೊಡನೆ ತಾನೇ ಗುಂಡಿಯನ್ನು ತಿರುಗಿಸಿ ಜಲಪಾತದಂತಹ ಭೋರ್ಗರೆತವನ್ನು ಏರಿಸಿಕೊಳ್ಳುತ್ತಾನೆ. ಸಾವಿರ ರೋಗಿಗಳಲ್ಲಿ ನೂರಕ್ಕೆ 65 ಮಂದಿಗೆ ಬೇರೆ ಯಾವ ಅರಿವಳಿಕೆಯೂ ಬೇಕಾಗಲಿಲ್ಲ ಎಂದು ಆ ವರದಿ ಹೇಳಿತು. ಆದರೆ 1963ರಲ್ಲಿ ಮೆಲ್ಜಾಕ್ ಮತ್ತು ಇತರರು ಇದನ್ನು ಒರೆಗೆ ಹಚ್ಚಿದರು. ಮಂಜಿನಂತೆ ತಣ್ಣನೆಯ ನೀರಿನಲ್ಲಿ ಕೈಯಿಟ್ಟು ನೋವನ್ನು ಸಹಿಸುವ ಪ್ರಯೋಗದಲ್ಲಿ, ಬರಿಯ ಶಬ್ದವು ಹೆಚ್ಚು ಫಲ ಕೊಡಲಿಲ್ಲ. ಶಬ್ದವಿಲ್ಲದ ಬರಿಯ ಭರವಸೆಯೂ ಫಲ ಕೊಡಲಿಲ್ಲ. ಶಬ್ದದೊಡನೆ ‘ಇದು ನಿಶ್ಚಯವಾಗಿ ನೋವನ್ನು ತಗ್ಗಿಸುತ್ತದೆ’ ಎಂಬ ಬಲವಾದ ಮಾತೂ ಸೇರಿದಾಗ ಮಾತ್ರ ಸಹನೆಯ ಅವಧಿ ಗಣನೀಯವಾಗಿ ಹೆಚ್ಚಿತು.

ಕರ್ನಾಟಕದಲ್ಲಿಯೂ ಇಂತಹ ಪರೀಕ್ಷೆ ನಡೆದಿದೆ. ಬೆಂಗಳೂರಿನ ಹೊರವಲಯದ ಜಿಗಣಿಯ ಬಳಿ ಇರುವ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು ಅ, ಉ, ಮ ಕಾರಗಳನ್ನೂ ಓಂಕಾರವನ್ನೂ ಮೊದಲು ಗಟ್ಟಿಯಾಗಿ, ಅನಂತರ ಮನಸ್ಸಿನಲ್ಲಿಯೇ ಉಚ್ಚರಿಸಿ ಆ ಕಂಪನವನ್ನು ಮೈಯಲ್ಲಿ ಗಮನಿಸುವ ಒಂದು ವಿಶ್ರಾಂತಿ ಕ್ರಮವನ್ನು ರೂಪಿಸಿದೆ. ಕುತ್ತಿಗೆ ನೋವಿನ 60 ರೋಗಿಗಳ ಮೇಲೆ ಅಲ್ಲಿನ ಸಂಶೋಧಕರು ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ರೂಢಿಯ ಫಿಸಿಯೋಥೆರಪಿಯನ್ನು ಕೊಟ್ಟು, ಅನಂತರ 30 ಮಂದಿಗೆ ಧ್ವನಿಮುದ್ರಿಕೆಯ ಮೂಲಕ 20 ನಿಮಿಷ ಈ ನಾದಕ್ರಮವನ್ನು, ಉಳಿದ 30 ಮಂದಿಗೆ ಅಷ್ಟೇ ಹೊತ್ತು ಸುಮ್ಮನೆ ಮಲಗುವ ವಿಶ್ರಾಂತಿಯನ್ನು 10 ದಿನ ಕೊಡಲಾಯಿತು. ನಾದಕ್ರಮದ ಗುಂಪಿನಲ್ಲಿ ನೋವೂ ಆತಂಕವೂ ಹೆಚ್ಚು ತಗ್ಗಿದವು. ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ನಾದವು ಫಿಸಿಯೋಥೆರಪಿಯ ಜಾಗದಲ್ಲಿ ಬರಲಿಲ್ಲ, ಅದರ ಜೊತೆಗೆ ಬಂತು. ಅವಧಿ ಹತ್ತೇ ದಿನ; ವರ್ಷಗಳ ನೋವಿಗೆ ಅದು ಏನು ಮಾಡೀತು ಎಂಬುದನ್ನು ಆ ಅಧ್ಯಯನವು ಹೇಳಲು ಹೊರಟಿರಲಿಲ್ಲ. ಸಂಗೀತ ಮತ್ತು ನೋವಿನ ಬಗೆಗಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಮೀಕ್ಷೆಗಳೂ ಇದನ್ನೇ ಸೂಚಿಸುತ್ತವೆ: ಉಪಶಮನವುಂಟು, ಅದು ಸಾಧಾರಣವಾಗಿ ಅಲ್ಪಪ್ರಮಾಣದ್ದು. ದೀರ್ಘಕಾಲಿಕ ನೋವಿನ ಬಗೆಗೆ 2017ರಲ್ಲಿ ಬಂದ ಸಮೀಕ್ಷೆಯೊಂದು, ರೋಗಿಯು ತಾನೇ ಆರಿಸಿಕೊಂಡ ಸಂಗೀತವು ಇತರರು ಆರಿಸಿಕೊಟ್ಟದ್ದಕ್ಕಿಂತ ಹೆಚ್ಚು ಹಿತಕರವೆಂದು ಕಂಡಿತು.

ಈಗ ಮೂಲಪ್ರಶ್ನೆಯು ಸ್ಪಷ್ಟವಾಗುತ್ತದೆ. ಭರವಸೆಯ ಮಾತು ಸೇರಿದಾಗ ನಾದವು ಹೆಚ್ಚು ಫಲ ಕೊಡುವುದಾದರೆ, ಉಪಶಮನವನ್ನು ಹೆಚ್ಚಿಸುವ ಸಲುವಾಗಿ ಭರವಸೆಯನ್ನು ಸತ್ಯಕ್ಕಿಂತ ದೊಡ್ಡದು ಮಾಡಬಹುದೆ? ಇಪ್ಪತ್ತು ವರ್ಷ ಅಡಿಕೆಮರವನ್ನು ಏರಿ ಮೊಣಕಾಲನ್ನು ಸವೆಸಿಕೊಂಡವನಿಗೆ ‘ಅಣ್ಣಾ, ನಲವತ್ತು ದಿನ ಈ ನಾದವನ್ನು ಕೇಳಿ, ನೋವು ಬುಡಸಮೇತ ಹೋಗುತ್ತದೆ’ ಎಂದರೆ ಆ ರಾತ್ರಿ ಅವನು ಎರಡು ತಾಸು ಹೆಚ್ಚು ನಿದ್ರಿಸಬಹುದು. ಆ ಎರಡು ತಾಸಿನ ನಿದ್ರೆಯ ಎದುರಿಗೆ ಒಂದು ಉತ್ಪ್ರೇಕ್ಷೆಯ ದೋಷವೆಷ್ಟರದು? ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಕರುಣೆಯೇ ಇದರ ಬೇರು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ಸತ್ಯಾಣುವ್ರತವನ್ನು ವಿವರಿಸುತ್ತ, ಸ್ಥೂಲವಾದ ಅಸತ್ಯವನ್ನು ಆಡಬಾರದೆಂದುದಲ್ಲದೆ ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ಆಡಬಾರದೆಂದು ವಿಧಿಸಿದ್ದಾರೆ. ಇದನ್ನು ಹಿಡಿದು, ಹಿತವನ್ನುಂಟುಮಾಡುವ ಸುಳ್ಳಿಗೆ ಶಾಸ್ತ್ರದ ಒಪ್ಪಿಗೆಯಿದೆ ಎಂದು ವಾದಿಸುವವರೂ ಇರಬಹುದು.

ಆದರೆ ವಿಧಿಯನ್ನು ಸರಿಯಾಗಿ ಓದಬೇಕು. ಅಲ್ಲಿ ನಿಷೇಧಗಳು ಎರಡು. ಅನುಮತಿ ಒಂದೂ ಇಲ್ಲ. ವಿಪತ್ತನ್ನು ತರುವ ಸತ್ಯವನ್ನು ಆಡಬೇಡವೆಂದರೆ ಮೌನವಾಗಿರು, ಸಮಯವನ್ನು ನೋಡು, ಮೃದುವಾಗಿ ಹೇಳು ಎಂದಾಯಿತೇ ಹೊರತು ಅದರ ಜಾಗದಲ್ಲಿ ಸುಳ್ಳನ್ನು ಆಡು ಎಂದಾಗಲಿಲ್ಲ. ಇನ್ನು, ನಲವತ್ತು ದಿನಗಳ ವಾಗ್ದಾನದ ನಲವತ್ತೊಂದನೆಯ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕು. ನೋವು ಹಾಗೆಯೇ ಉಳಿದಾಗ ಅವನು ತನ್ನನ್ನೇ ದೂಷಿಸಿಕೊಳ್ಳುತ್ತಾನೆ: ಕೇಳಿದ ಕ್ರಮ ತಪ್ಪಿತೋ, ಶ್ರದ್ಧೆ ಸಾಲದಾಯಿತೋ ಎಂದು. ನೋವಿನ ಮೇಲೆ ಅಪರಾಧಭಾವದ ಹೊರೆಯೂ ಸೇರುತ್ತದೆ. ಈ ನಡುವೆ ತೋರಿಸಿಕೊಳ್ಳಬೇಕಾಗಿದ್ದ ವೈದ್ಯರನ್ನು ಅವನು ನೋಡದೆ ಇರಬಹುದು. ಸಂಧಿವಾತದಂತಹ ರೋಗದಲ್ಲಿ ಕಳೆದ ತಿಂಗಳುಗಳು ಕೀಲುಗಳನ್ನು ಮರಳಿ ಬಾರದಂತೆ ಕೆಡಿಸುತ್ತವೆ. ಎರಡು ತಾಸಿನ ನಿದ್ರೆಗೆ ತೆತ್ತ ಬೆಲೆ ಇದಾದರೆ ಅದನ್ನು ಕರುಣೆ ಎನ್ನಲಾಗದು.

ಸುಳ್ಳಿನ ಅಗತ್ಯವೇ ಇಲ್ಲವೆಂದು ತೋರಿಸುವ ಸಾಕ್ಷ್ಯವೂ ಈಗ ದೊರೆತಿದೆ. ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದೀರ್ಘಕಾಲದ ಸೊಂಟನೋವಿನ ರೋಗಿಗಳಿಗೆ ಔಷಧಾಂಶವಿಲ್ಲದ ಗುಳಿಗೆಗಳನ್ನು ಕೊಡಲಾಯಿತು. ಅವುಗಳಲ್ಲಿ ಔಷಧವಿಲ್ಲವೆಂಬುದನ್ನು ಮುಚ್ಚಿಡದೆ ಹೇಳಲಾಯಿತು. ಮನಸ್ಸು ಮತ್ತು ದೇಹಗಳ ಸಂಬಂಧದಿಂದ ಇಂತಹವೂ ಕೆಲವೊಮ್ಮೆ ನೆರವಾಗುತ್ತವೆ ಎಂಬುದನ್ನೂ ವಿವರಿಸಲಾಯಿತು. ಮೂರು ವಾರಗಳಲ್ಲಿ, ತಮ್ಮ ರೂಢಿಯ ಚಿಕಿತ್ಸೆಯನ್ನಷ್ಟೇ ಮುಂದುವರಿಸಿದವರಿಗಿಂತ ಇವರ ನೋವು ಹೆಚ್ಚು ತಗ್ಗಿತ್ತು. ಇದರಿಂದ ಹೊರಡುವ ನೀತಿ ದೊಡ್ಡದು. ಉಪಶಮನವನ್ನು ತರುವುದು ಸುಳ್ಳಲ್ಲ. ಒಬ್ಬರು ತನ್ನ ನೋವನ್ನು ನಂಬಿ, ಹೊತ್ತು ಕೊಟ್ಟು, ಏನನ್ನಾದರೂ ಮಾಡಲು ಮುಂದಾದರು ಎಂಬ ಅನುಭವಕ್ಕೂ ಅದರಲ್ಲಿ ಪಾಲಿದೆ ಎಂದು ತಿಳಿಯಬಹುದು. ‘ಇದು ನೋವಿನ ಬೇರನ್ನು ಕೀಳದು; ಆದರೆ ಕೆಲವರಿಗೆ ಸ್ವಲ್ಪ ಹಗುರವಾಗಿದೆ, ನಿಮಗೆ ಹಿತವೆನಿಸಿದರೆ ಇಟ್ಟುಕೊಳ್ಳಿ, ಮದ್ದನ್ನು ಬಿಡಬೇಡಿ’ ಎಂಬ ಮಾತಿನಲ್ಲಿ ಸತ್ಯವೂ ಇದೆ, ಸಾಂತ್ವನವೂ ಇದೆ. ಎರಡರಲ್ಲಿ ಒಂದನ್ನು ಆರಿಸಬೇಕೆಂಬ ದ್ವಂದ್ವವು ನಾವೇ ಕಟ್ಟಿಕೊಂಡದ್ದು.

ಸುಳ್ಳಿನಷ್ಟೇ ಅಪಾಯಕರವಾದ ಇನ್ನೊಂದು ದೋಷವುಂಟು. ಅದು ನಾದದಿಂದ ನೋವನ್ನಲ್ಲ, ನೋವಿನ ದೂರನ್ನು ಮುಚ್ಚುವುದು. ಮನೆಯ ಮೂಲೆಯಲ್ಲಿ ನರಳುವ ಅಜ್ಜಿಗೆ ಭಜನೆಯ ಧ್ವನಿಮುದ್ರಿಕೆಯನ್ನು ಹಚ್ಚಿಟ್ಟು ಎಲ್ಲರೂ ತಮ್ಮ ಕೆಲಸಕ್ಕೆ ಹೊರಟರೆ ಅಲ್ಲಿ ನಡೆದುದು ಚಿಕಿತ್ಸೆಯಲ್ಲ, ನುಣುಚಿಕೊಳ್ಳುವಿಕೆ. ‘ಎಲ್ಲ ಪೂರ್ವಕರ್ಮ, ಸಹಿಸಬೇಕು’ ಎಂಬ ಮಾತೂ ಹೀಗೆಯೇ. ಪರೀಷಹವನ್ನು ಸಹಿಸುವುದು ಸಾಧಕನು ತಾನೇ ತನಗಾಗಿ ಕೈಕೊಂಡ ಮಾರ್ಗ. ಅದನ್ನು ಬೇರೊಬ್ಬರ ಮೇಲೆ ಹೊರಿಸಿ ತನ್ನ ಸೇವೆಯ ಹೊಣೆಯನ್ನು ಇಳಿಸಿಕೊಳ್ಳಲು ಕರ್ಮಸಿದ್ಧಾಂತವು ಹುಟ್ಟಿದ್ದಲ್ಲ. ಔಷಧದಾನವನ್ನು ದಾನಗಳಲ್ಲಿ ಒಂದಾಗಿ ಎಣಿಸಿದ ಪರಂಪರೆಯು, ನೋವಿಗೆ ಮದ್ದು ಬೇಕಿಲ್ಲವೆಂದು ಹೇಳುವುದಾದರೂ ಹೇಗೆ? ಕ್ಯಾನ್ಸರಿನ ಕೊನೆಯ ಹಂತದ ವೇದನೆಗೆ ಮಾರ್ಫಿನ್ನಿನಂತಹ ಔಷಧವೇ ಬೇಕಾಗುವುದುಂಟು. 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ನಮ್ಮ ದೇಶದಲ್ಲಿ ಅದು ರೋಗಿಗಳಿಗೆ ದುರ್ಲಭವಾಗಿತ್ತು. 2014ರ ತಿದ್ದುಪಡಿಯು ಆ ಬಿಗಿಯನ್ನು ಸಡಿಲಿಸಿತು. ಬೆಂಗಳೂರಿನ ಕರುಣಾಶ್ರಯದಂತಹ ಸಂಸ್ಥೆಗಳು ಅಂತಹ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತಿವೆ. ಗುಳಿಗೆ ಬೇಕಾದಲ್ಲಿ ಗಾನವನ್ನು ಕೊಡುವುದು ಹಸಿದವನಿಗೆ ಊಟದ ವರ್ಣನೆಯನ್ನು ಕೊಟ್ಟಂತೆ.

ಮಂತ್ರವನ್ನು ಚಿಕಿತ್ಸೆಯಾಗಿ ಬಳಸುವಾಗ ಬೇರೊಂದು ಸಂಕೋಚವೂ ಎದುರಾಗುತ್ತದೆ. ಪಂಚಪರಮೇಷ್ಠಿಗಳ ಮೊದಲಕ್ಷರಗಳು ಕೂಡಿ ಓಂಕಾರವಾಯಿತೆಂದು ಭಾವಿಸುವವರಿಗೆ ಅದು ಕುತ್ತಿಗೆ ನೋವಿನ ಉಪಕರಣವಾಗುವುದು ಹಿತವೆನಿಸದಿರಬಹುದು. ಫಲವನ್ನು ಬಯಸಿ ಮಾಡುವ ಧರ್ಮಾಚರಣೆಗೆ ನಿದಾನವೆಂಬ ದೋಷ ತಟ್ಟುತ್ತದೆ ಎಂಬುದೂ ನಿಜ. ಆದರೆ ಎಡೆಬಿಡದ ವೇದನೆಯ ಚಿಂತೆಯನ್ನು ಆರ್ತಧ್ಯಾನದ ಒಂದು ಬಗೆಯೆಂದೇ ಹೇಳಲಾಗಿದೆ. ನೋವಿನಲ್ಲಿಯೇ ಮುಳುಗಿದ ಮನಸ್ಸು ಒಂದು ಗಳಿಗೆ ಅದರಿಂದ ಎದ್ದು ಶುಭದ ಕಡೆಗೆ ತಿರುಗಿದರೆ ಅದನ್ನು ಬೇಡಿಕೆಯೆನ್ನುವುದಕ್ಕಿಂತ ಬಿಡುಗಡೆಯೆನ್ನುವುದೇ ಯುಕ್ತ. ಅನ್ಯಮತದವರಿಗೆ ಅವರಿಗೊಪ್ಪದ ಮಂತ್ರವನ್ನು ಚಿಕಿತ್ಸೆಯ ಹೆಸರಿನಲ್ಲಿ ಹೇರುವುದು ಮಾತ್ರ ಸಲ್ಲದು. ಅವರವರಿಗೆ ಪ್ರಿಯವಾದ ನಾದವೇ ಹೆಚ್ಚು ಹಿತವೆಂದು ಪರೀಕ್ಷೆಯೂ ಹೇಳುತ್ತಿರುವಾಗ ಹೇರಿಕೆಗೆ ನೆಪವೂ ಉಳಿಯದು.

ನಾದಚಿಕಿತ್ಸೆಯನ್ನು ಸಂಪೂರ್ಣ ಅಹಿಂಸೆಯ ಚಿಕಿತ್ಸೆಯೆಂದು ಹೊಗಳುವವರು ಒಂದು ಸಂಗತಿಯನ್ನು ಎದುರಿಸಬೇಕು. ಶಬ್ದವು ಮೆದುಳಿನ ಯಾವ ಹಾದಿಯಿಂದ ನೋವನ್ನು ತಗ್ಗಿಸುತ್ತದೆ ಎಂಬುದನ್ನು ಹೆಚ್ಚು ಸ್ಪಷ್ಟವಾಗಿ ತೋರಿಸಿದ್ದು 2022ರಲ್ಲಿ ಪ್ರಕಟವಾದ, ಚೀನಾ ಮತ್ತು ಅಮೆರಿಕದ ವಿಜ್ಞಾನಿಗಳ ಅಧ್ಯಯನ. ಸುತ್ತಲಿನ ಸದ್ದಿಗಿಂತ ಕೇವಲ 5 ಡೆಸಿಬಲ್‌ನಷ್ಟು ಹೆಚ್ಚಿನ ಮೆಲುದನಿಯು ಫಲಕಾರಿ, ಅದು ಇಂಪಾದ ಸಂಗೀತವಾಗಿರಲಿ ಕರ್ಕಶ ಸದ್ದಾಗಿರಲಿ. ದನಿಯೇರಿದರೆ ಫಲವಿಲ್ಲ ಎಂದು ಅದು ಕಂಡುಕೊಂಡಿತು. ಇದು ತಿಳಿದುಬಂದುದು ಇಲಿಗಳಿಂದ. ಅವುಗಳ ಪಾದಕ್ಕೆ ಉರಿಯೂತ ತರುವ ದ್ರವ್ಯವನ್ನು ಚುಚ್ಚಿ, ನೋವನ್ನುಂಟುಮಾಡಿ, ಆ ನೋವನ್ನು ಅಳೆಯಲಾಯಿತು. ಒಂದು ಪ್ರಾಣಿಯ ನೋವನ್ನು ಕಳೆಯುವ ಜ್ಞಾನಕ್ಕಾಗಿ ಇನ್ನೊಂದು ಪ್ರಾಣಿಗೆ ನೋವನ್ನು ಕೊಡುವುದು ಸಂಕಲ್ಪಪೂರ್ವಕ ಹಿಂಸೆಯೇ ಸರಿ. ಪಡೆದ ಜ್ಞಾನವನ್ನು ಮರೆಯಲಾಗದು. ಅದನ್ನು ನೋವಿನಲ್ಲಿರುವವರಿಗೆ ನಿರಾಕರಿಸಿದರೆ ಇಲಿಗಳ ವೇದನೆ ಮರಳಿ ಹೋಗುವುದೂ ಇಲ್ಲ. ಆದರೆ ಆ ಋಣವನ್ನು ಮುಚ್ಚಿಟ್ಟು ‘ಇದು ಶುದ್ಧ ಅಹಿಂಸೆ’ ಎನ್ನುವುದು ಅಸತ್ಯವಾಗುತ್ತದೆ. ಸಮ್ಮತಿ ನೀಡಿದ ಮನುಷ್ಯರಲ್ಲಿಯೇ, ಜಿಗಣಿಯ ಅಧ್ಯಯನದಂತೆ, ನೋವನ್ನು ಹೆಚ್ಚಿಸದೆ ಪರೀಕ್ಷಿಸುವ ದಾರಿ ತೆರೆದಿರುವಾಗ ಮುಂದಿನ ಜ್ಞಾನವನ್ನು ಆ ದಾರಿಯಲ್ಲಿ ಅರಸಬೇಕೆಂದು ಒತ್ತಾಯಿಸುವುದು ಅಹಿಂಸೆಯನ್ನು ನಂಬಿದವರ ಕರ್ತವ್ಯ.

ಒಬ್ಬನ ಔಷಧವಾದ ಶಬ್ದವು ನೆರೆಯವನ ನೋವಾಗಬಾರದೆಂಬುದನ್ನೂ ಇಲ್ಲಿಯೇ ಹೇಳಬೇಕು. ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸುವ, ಆಸ್ಪತ್ರೆಗಳ ಸುತ್ತ 100 ಮೀಟರನ್ನು ನಿಶ್ಶಬ್ದ ವಲಯವಾಗಿಸುವ ನಿಯಮಗಳು 2000ದಲ್ಲಿಯೇ ಬಂದಿವೆ. ಭಕ್ತಿಯ ಹೆಸರಿನ ಶಬ್ದವೂ ಅಗತ್ಯವನ್ನು ಮೀರಿದಾಗ ಅನರ್ಥದಂಡವೇ. ಮೆಲುದನಿಯೇ ಮದ್ದು ಎಂದು ಪ್ರಯೋಗವು ಕಂಡುಕೊಂಡದ್ದನ್ನು ವಿವೇಕವು ಮೊದಲೇ ಬಲ್ಲದು.

ಇಷ್ಟೆಲ್ಲ ವಿವೇಚನೆಯ ಬಳಿಕ ಉಳಿಯುವ ನಿಲುವು ಸರಳವಾಗಿದೆ. ನಾದವು ನೋವಿಗೆ ಸುಳ್ಳು ಮದ್ದಲ್ಲ; ಸಣ್ಣ ಮದ್ದು. ಸಣ್ಣದನ್ನು ಸಣ್ಣದೆಂದು ಹೇಳಿ ಕೊಟ್ಟಾಗ ಅದು ಕೊಡುವವನನ್ನೂ ಪಡೆಯುವವನನ್ನೂ ಎತ್ತುತ್ತದೆ. ದೊಡ್ಡದೆಂದು ಹೇಳಿ ಕೊಟ್ಟಾಗ ಇಬ್ಬರನ್ನೂ ಇಳಿಸುತ್ತದೆ. ವೈಯಾವೃತ್ತ್ಯವನ್ನು, ಎಂದರೆ ರೋಗಿಗಳ ಮತ್ತು ಬಳಲಿದವರ ಸೇವೆಯನ್ನು, ಅಂತರಂಗ ತಪಸ್ಸುಗಳ ಸಾಲಿನಲ್ಲಿ ಇರಿಸಿದ್ದೇಕೆಂಬುದು ಇಲ್ಲಿ ಅರ್ಥವಾಗುತ್ತದೆ. ಉಪವಾಸವು ಒಡಲನ್ನು ದಂಡಿಸುವ ತಪಸ್ಸಾದರೆ, ಗುಣವಾಗದ ನೋವಿನ ಬಳಿ ದಿನವೂ ಕುಳಿತಿರುವುದು ಅಹಂಕಾರವನ್ನು ದಂಡಿಸುವ ತಪಸ್ಸು. ‘ನಾನು ವಾಸಿಮಾಡಿದೆ’ ಎಂಬ ಹೆಮ್ಮೆಗೆ ಅಲ್ಲಿ ಎಡೆಯಿಲ್ಲ. ನೇಜಿಯ ಗದ್ದೆಯಲ್ಲಿ ಹೆಂಗಸರ ಬೆನ್ನುನೋವನ್ನು ಹಗುರಗೊಳಿಸಿದ್ದು ಹಾಡಿನ ರಾಗವೊಂದೇ ಅಲ್ಲ, ಸೊಲ್ಲು ಸೇರಿಸಿದ ಪಕ್ಕದವಳೂ ಹೌದು. ಧ್ವನಿಮುದ್ರಿಕೆಯಿಂದ ರಾಗವನ್ನು ಒದಗಿಸಬಹುದು. ಸೊಲ್ಲು ಸೇರಿಸಲು ಪಕ್ಕದಲ್ಲಿ ಮನುಷ್ಯರೇ ಇರಬೇಕು.